ಹಡಗಿನ ಮೊದಲ ಮೂರು ದಿನ

ಪ್ರಶ್ನೆ: ಅಕ್ಕಾ, ನಮ್ಮೂರು ತೀರ್ಥಹಳ್ಳಿ. ಅಮೆರಿಕದಲ್ಲಿ ಡಿಗ್ರಿ ಓದುತ್ತಿದ್ದೇನೆ. ಬರುವ ಜನವರಿಯಲ್ಲಿ ‘ಸೆಮಿಸ್ಟರ್ ಅಟ್ ಸೀ’, ಅಂದರೆ ದೇಶ ದೇಶ ಸುತ್ತುವ ಹಡಗಿನಲ್ಲೇ ಒಂದು ಸೆಮಿಸ್ಟರ್ ಓದಲು ಸೀಟು ಸಿಕ್ಕಿದೆ. ನೀವೂ ಅದರಲ್ಲಿ ಹೋಗಿದ್ದಿರಂತೆ. ಆಗುಂಬೆ ಘಾಟಿ ಇಳಿಯುವಾಗಲೇ ವಾಂತಿ ಮಾಡಿಕೊಳ್ಳುವವಳು ನಾನು. ಮೊದಲ ದಿನಗಳನ್ನು ಹೇಗೆ ಕಳೆಯಲಿ? ಅಮ್ಮ ದಿನಾ ಫೋನ್ ಮಾಡಿ ಬೇಡವೇ ಬೇಡ ಅಂತಿದ್ದಾರೆ.

ಉತ್ತರ: ಹೋಗು ತಂಗಿ, ಖಂಡಿತ ಹೋಗು. ಘಾಟಿಯಲ್ಲಿ ನನಗೂ ಹಾಗೇ ಆಗುತ್ತಿತ್ತು.

ನಾನು ಹೋದಾಗ ಹಡಗು ಮೆಕ್ಸಿಕೋದ ಎನ್ಸೆನಾಡಾದಿಂದ ಹೊರಟಿತ್ತು. ಹೊನೊಲುಲುವರೆಗೆ ಸುಮಾರು ಒಂದು ವಾರ ಬರೀ ನೀರು. ನಿನ್ನದು ಬೇರೆ ಬಂದರು ಇರಬಹುದು, ದಾರಿ ಆಗಾಗ ಬದಲಾಗುತ್ತದೆ. ಹೊರಡುವ ಹೊತ್ತಿಗೆ ಎಲ್ಲರಿಗೂ ಲೈಫ್ ಜಾಕೆಟ್ ಹಾಕಿಸಿ ಸಾಲಾಗಿ ನಿಲ್ಲಿಸುತ್ತಾರೆ. ಹಡಗಿನ ಸೈರನ್ನಿನ ಏಳು ಸಣ್ಣ ಕೂಗು, ಆಮೇಲೆ ಒಂದು ಉದ್ದನೆಯ ಕೂಗು. ಅದು ಅಪಾಯದ ಸೂಚನೆ. ಆ ಸದ್ದು ಚೆನ್ನಾಗಿ ನೆನಪಿಟ್ಟುಕೋ.

ಕಷ್ಟ ಶುರುವಾಗೋದು ಅವತ್ತಿನ ರಾತ್ರಿ. ನನ್ನ ಕ್ಯಾಬಿನ್ನಿನ ಬೀರುವಿನಲ್ಲಿ ಖಾಲಿ ಹ್ಯಾಂಗರುಗಳು ಟಕ್ ಟಕ್ ಅಂತ ಒಂದಕ್ಕೊಂದು ಬಡಿಯುತ್ತಿದ್ದವು. ಬಚ್ಚಲಮನೆಯ ಬಾಗಿಲಿಗೆ ನೇತುಹಾಕಿದ ಟವೆಲ್ಲು ಬಾಗಿಲಿನಿಂದ ದೂರ ಸರಿದು, ಒಂದು ಕ್ಷಣ ಹಾಗೇ ನಿಂತು, ಮತ್ತೆ ಬಂದು ಅಂಟುತ್ತಿತ್ತು. ಅದನ್ನೇ ನೋಡುತ್ತಾ ಮಲಗಿದ್ದೆ. ಅದೇ ನಾನು ಮಾಡಿದ ತಪ್ಪು. ಕಿವಿಯೊಳಗಿನ ಸಮತೋಲನದ ಅಂಗಕ್ಕೆ ಮೈ ಅಲುಗಾಡುವುದು ಗೊತ್ತಾಗುತ್ತದೆ. ಕಣ್ಣಿಗೆ ಮಾತ್ರ ಕೋಣೆಯ ಗೋಡೆ ಅಲುಗದೆ ನಿಂತಂತೆ ಕಾಣುತ್ತದೆ. ಎರಡೂ ಹೊಂದದೆ ಹೊಟ್ಟೆ ತೊಳಸುತ್ತದೆ. ಅದಕ್ಕೇ ಕ್ಯಾಬಿನ್ನಿನಲ್ಲಿ ಬಿದ್ದುಕೊಳ್ಳಬೇಡ. ಡೆಕ್ಕಿಗೆ ಹತ್ತಿ, ಗಾಳಿಗೆ ಮುಖ ಕೊಟ್ಟು, ನೀರು ಆಕಾಶ ಸೇರುವ ಗೆರೆಯನ್ನು ನೋಡು. ಕಾಲು ಗಂಟೆಯಲ್ಲಿ ನನಗೆ ಉಸಿರು ಸರಿಯಾಗಿ ಬಂತು.

ಕ್ಯಾಬಿನ್ ಆರಿಸುವ ಅವಕಾಶ ಇದ್ದರೆ ಹಡಗಿನ ಮಧ್ಯದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಕೇಳು. ಬಸ್ಸಿನ ಹಿಂದಿನ ಸೀಟು ಎತ್ತಿ ಹಾಕುತ್ತದೆ ಅಲ್ವಾ, ಹಡಗಿನ ತುದಿಗಳೂ ಹಾಗೇ. ಮಾತ್ರೆ ಅಥವಾ ಕಿವಿಯ ಹಿಂದೆ ಅಂಟಿಸುವ ಪಟ್ಟಿ ಯಾವುದು ನಿನಗೆ ಆಗುತ್ತದೆ ಅಂತ ಡಾಕ್ಟರನ್ನು ಈಗಲೇ ಕೇಳು. ಅದನ್ನು ಹಡಗು ಅಲುಗಾಡುವ ಮೊದಲೇ ತೆಗೆದುಕೊಳ್ಳಬೇಕು. ವಾಂತಿ ಶುರುವಾದ ಮೇಲೆ ನುಂಗಿದ್ದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಹೊಟ್ಟೆ ಖಾಲಿ ಬಿಡಬೇಡ. ಒಣ ಬಿಸ್ಕತ್ತು, ಸೇಬು, ಶುಂಠಿ ಜೊತೆಗಿರಲಿ. ಅಮ್ಮ ಕಟ್ಟಿಕೊಟ್ಟಿದ್ದ ಒಣಶುಂಠಿ ನನಗೆ ಬಹಳ ಉಪಕಾರ ಮಾಡಿತು.

ಕ್ಲಾಸು ಮಾತ್ರ ತಪ್ಪಿಸಬೇಡ. ಸಮುದ್ರದಲ್ಲಿ ಭಾನುವಾರ ಅನ್ನೋದು ಇಲ್ಲ, ನೀರಿನ ಮೇಲಿರುವ ದಿನಗಳು ಬಹುಮಟ್ಟಿಗೆ ಪಾಠದ ದಿನಗಳೇ. ಒಂದು ದಿನ ಎ ಗುಂಪಿನ ಕ್ಲಾಸುಗಳು, ಮಾರನೆಯ ದಿನ ಬಿ ಗುಂಪಿನವು ಅಂತ ಸರದಿ. ಬಂದರಿನಲ್ಲಿ ನಿಂತಾಗ ಹಡಗಿನಲ್ಲಿ ಕ್ಲಾಸಿಲ್ಲ. ಎರಡನೆಯ ದಿನ ನಮ್ಮ ಮೇಡಂ ಒಂದು ಕೈಯಲ್ಲಿ ಮೇಜು ಹಿಡಿದುಕೊಂಡು, ಕಾಲು ಅಗಲಿಸಿ ನಿಂತು ಪಾಠ ಮಾಡಿದರು. ನಾವೆಲ್ಲ ಒಟ್ಟಿಗೆ ಎಡಕ್ಕೆ ವಾಲುತ್ತಿದ್ದೆವು, ಒಟ್ಟಿಗೆ ಬಲಕ್ಕೆ ವಾಲುತ್ತಿದ್ದೆವು. ಪಕ್ಕದಲ್ಲಿದ್ದ ಹುಡುಗಿ ಏನೂ ಕೇಳದೆ ತನ್ನ ಬಿಸ್ಕತ್ತಿನ ಪೊಟ್ಟಣ ನನ್ನ ಕಡೆ ಸರಿಸಿದಳು. ಇವತ್ತಿಗೂ ನನ್ನ ಆಪ್ತ ಗೆಳತಿ ಅವಳೇ. ಕೋಣೆಯಲ್ಲಿ ಬಾಗಿಲು ಹಾಕಿಕೊಂಡಿದ್ದರೆ ಅವಳು ನನಗೆ ಸಿಗುತ್ತಲೇ ಇರಲಿಲ್ಲ.

ಮೂರನೆಯ ರಾತ್ರಿ ಮನೆ ಬಹಳ ನೆನಪಾಯಿತು. ಪಶ್ಚಿಮಕ್ಕೆ ಹೋಗುತ್ತಾ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿ ಅಂತ ಹೇಳಿದ್ದರು. ಊರಿನಲ್ಲಿ ಈಗ ಎಷ್ಟು ಗಂಟೆ ಅಂತ ಲೆಕ್ಕ ಹಾಕಲು ಹೋಗಿ ತಪ್ಪಿತು. ಅಳು ಬಂತು. ಅತ್ತುಬಿಟ್ಟೆ. ಬೆಳಗ್ಗೆ ಎದ್ದಾಗ ಹ್ಯಾಂಗರು ಬಡಿಯುತ್ತಲೇ ಇದ್ದವು, ಆದರೆ ನನಗೆ ಹಸಿವಾಗಿತ್ತು. ಎರಡು ತಟ್ಟೆ ತಿಂದೆ. ಹೆಚ್ಚಿನವರಿಗೆ ಎರಡು ಮೂರು ದಿನದಲ್ಲಿ ಮೈ ಒಗ್ಗುತ್ತದೆ. ಹೊನೊಲುಲುವಿನಲ್ಲಿ ಇಳಿದಾಗ ನೆಲವೇ ತೂಗಿದ ಹಾಗಾಯಿತು. ಹಾಗಾದರೆ ಹೆದರಬೇಡ, ಅದೂ ಸಾಮಾನ್ಯವಾಗಿ ಬೇಗ ಹೋಗುತ್ತದೆ.

ಸಸ್ಯಾಹಾರಿಯಾದರೆ ಅನ್ನ, ಪಾಸ್ತಾ, ಆಲೂಗಡ್ಡೆಯಲ್ಲಿ ಕಾಲ ಕಳೆಯಬಹುದು. ಚಟ್ನಿಪುಡಿ ಜಾಸ್ತಿ ಇಟ್ಟುಕೋ.

ಇನ್ನು ಅಮ್ಮನ ವಿಷಯ. ನಡುಸಮುದ್ರದಲ್ಲಿ ಕೆಲವು ದಿನ ಫೋನ್ ಸಿಗದೇ ಹೋಗಬಹುದು ಅಂತ ಅವರಿಗೆ ಮೊದಲೇ ಹೇಳು. ಬಂದರುಗಳ ಹೆಸರು, ತಾರೀಖು ಕನ್ನಡದಲ್ಲಿ ಬರೆದು ಕೊಡು, ಅಡುಗೆಮನೆ ಕ್ಯಾಲೆಂಡರಿನ ಪಕ್ಕ ಅಂಟಿಸಿಕೊಳ್ಳಲಿ. ಪಟ್ಟಿಯಲ್ಲಿ ಕೊಚ್ಚಿ ಇದೆಯಾ ನೋಡು. ನಮ್ಮ ಹಡಗು ಅಲ್ಲಿ ನಿಂತಿತ್ತು. ಮಂಗಳೂರಿನಿಂದ ರೈಲಿನಲ್ಲಿ ಒಂದು ರಾತ್ರಿಯ ದಾರಿ ಅಷ್ಟೆ. ಬಂದರಿನ ಗೇಟಿನ ಹೊರಗೆ ನನ್ನ ಅಮ್ಮ ಕೋಡುಬಳೆಯ ಡಬ್ಬಿ ಹಿಡಿದು ನಿಂತಿದ್ದರು. ನನ್ನನ್ನು ನೋಡಿ ಮೊದಲು ಕೇಳಿದ್ದೇ, “ಶುಂಠಿ ಖಾಲಿಯಾಯ್ತಾ?”