20ನೇ ಲೆವೆಲ್ ಆದ ಮೇಲೆ ದೇವರಾಗಬೇಕು ಅಂದರೆ

ಮಣಿಪಾಲದ ಟೇಬಲ್‌ನವರ, ಅಂದರೆ ಆಟದ ಗುಂಪಿನವರ, ಪ್ರಶ್ನೆ ಓದಿದೆ. ನಿಮ್ಮ ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಪಾತ್ರ ವಹಿಸಿ ಡೈಸ್ ಉರುಳಿಸಿ ಆಡುವ ಕಥೆಯಾಟ) ಕ್ಯಾಂಪೇನ್ 20ನೇ ಲೆವೆಲ್, ಅಂದರೆ ಈಗಿನ ರೂಲ್ಸ್‌ನ ಕೊನೆಯ ಮೆಟ್ಟಿಲು, ಮುಟ್ಟಿದೆ, ಒಬ್ಬರ ಪಾತ್ರಕ್ಕೆ ದೇವರಾಗುವ ಆಸೆ, ಯಾವ ರೂಲ್ಸ್ ಹಿಡಿಯುವುದು ಅಂತ ಕೇಳಿದ್ದೀರಿ. ಅಂಕಿ ಏರಿಸುವ ರೂಲ್ಸ್ ಬೇಡ. ಹೊಣೆ ಹೊರಿಸುವ ರೂಲ್ಸ್ ಹಿಡಿಯಿರಿ.

ಈ ತೊಡಕು ಹಳೆಯದು. 1976ರ ಡಿ ಅಂಡ್ ಡಿ ಪುಸ್ತಕ ‘ಗಾಡ್ಸ್, ಡೆಮಿ-ಗಾಡ್ಸ್ ಅಂಡ್ ಹೀರೋಸ್’ ನಾರ್ಸ್ ಪುರಾಣದ ದೇವರ ರಾಜ ಓಡಿನ್‌ಗೆ 300 ಹಿಟ್ ಪಾಯಿಂಟ್ (ಸೊನ್ನೆಗಿಳಿದರೆ ಬೀಳುವ ಪ್ರಾಣದ ಅಂಕಿ) ಕೊಟ್ಟಿತು. ದೇವರಿಗೇ ಇಷ್ಟಿರುವಾಗ 40 ದಾಟಿದ ಲೆವೆಲ್‌ನ ಪಾತ್ರಗಳಿಗೆ ಅರ್ಥವೇನು ಅಂತ ಸಂಪಾದಕ ಟಿಮ್ ಕ್ಯಾಸ್ಕ್ ಮುನ್ನುಡಿಯಲ್ಲಿ ಕೇಳಿದ್ದರು. ಆದರೆ ಹಿಟ್ ಪಾಯಿಂಟ್ ಇದೆ ಅಂದಮೇಲೆ ಕೊಲ್ಲಬಹುದು ಅಂತಾಯಿತು, ಅಲ್ವಾ? ದೇವರು ದೊಡ್ಡ ರಾಕ್ಷಸನ ಲೆಕ್ಕಕ್ಕೆ ಇಳಿದ.

1986ರಲ್ಲಿ ಬಂದ ‘ಇಮ್ಮಾರ್ಟಲ್ಸ್’ ಅನ್ನುವ ಡಿ ಅಂಡ್ ಡಿ ರೂಲ್ಸ್ ಬಾಕ್ಸ್ ನನಗೆ ಇಷ್ಟ. ಅಲ್ಲಿ ಮನುಷ್ಯನ ಲೆವೆಲ್ 36ಕ್ಕೆ ನಿಲ್ಲುತ್ತದೆ. ಮುಂದೆ ಹೋಗಬೇಕಾದರೆ ಒಬ್ಬ ಅಮರನ (ಅಲ್ಲಿ ದೇವರಿಗೆ ಅದೇ ಹೆಸರು) ಬೆಂಬಲ ಬೇಕು, ದೊಡ್ಡ ಕೆಲಸ ಮಾಡಿ ತೋರಿಸಬೇಕು.

2002ರಲ್ಲಿ ಮೂರನೇ ಆವೃತ್ತಿ ‘ಡಿವೈನ್ ರ‍್ಯಾಂಕ್’, ಅಂದರೆ ದೇವರ ದರ್ಜೆಯ ಅಂಕಿ, ತಂದಿತು. ಇದನ್ನು ನಾನೇ ಆಡಿಸಿ ಸೋತಿದ್ದೇನೆ. ರ‍್ಯಾಂಕ್ 16 ಮುಟ್ಟಿದ ದೇವರಿಗೆ ಡೈಸ್‌ನಲ್ಲಿ ಸಿಗಬಹುದಾದ ಅತ್ಯುತ್ತಮ ಅಂಕಿ ತಾನಾಗಿಯೇ ಸಿಗುತ್ತದೆ. ಆಮೇಲೆ ಡೈಸ್ ಉರುಳಿಸುವುದೇಕೆ? ಮಂಗಳೂರಿನ ನಮ್ಮ ಕದ್ರಿಯ ಟೇಬಲ್‌ನಲ್ಲಿ ಎರಡು ಭಾನುವಾರ ಸುಮ್ನೆ ಕೂಡಿಸಿ ಕಳೆಯುವುದರಲ್ಲೇ ಹೋಯಿತು. ಮೂರನೇ ವಾರ ಯಾರೂ ಬರಲಿಲ್ಲ.

2008ರ ನಾಲ್ಕನೇ ಆವೃತ್ತಿ 30ನೇ ಲೆವೆಲ್‌ನಲ್ಲಿ ದೇವರಾಗುವ ಹಾದಿ ಆರಿಸಿಕೊಂಡ ಪಾತ್ರವನ್ನು ದೇವರನ್ನಾಗಿ ಮಾಡಿ ಕಥೆಯಿಂದ ಕಳಿಸಿಕೊಟ್ಟಿತು. ಐದನೆಯದರಲ್ಲಿರುವುದು ಎಪಿಕ್ ಬೂನ್. ಒಳ್ಳೆಯ ವರ, ಆದರೆ ಅದು ದೇವತ್ವ ಅಲ್ಲ.

ನಾವಿರುವ ತುಳುನಾಡಿನಲ್ಲಿ ಇದಕ್ಕಿಂತ ಸ್ಪಷ್ಟವಾದ ಉತ್ತರ ಇದೆ. ಕಾರ್ಕಳದ ಗೊಮ್ಮಟನನ್ನು ಕೆತ್ತಿದ ಶಿಲ್ಪಿ ಕಲ್ಕುಡನ ಒಂದು ಕೈ, ಒಂದು ಕಾಲನ್ನು ಅರಸ ಕಡಿಸಿದ ಅಂತ ಪಾಡ್ದನ (ತುಳುವಿನ ಹಾಡುಗತೆ) ಹೇಳುತ್ತದೆ. ಅವನೂ ತಂಗಿ ಕಲ್ಲುರ್ಟಿಯೂ ದೈವವಾದದ್ದು ಶಕ್ತಿಯ ಅಂಕಿ ಏರಿದ್ದರಿಂದ ಅಲ್ಲ. ತೀರದ ಅನ್ಯಾಯ ಒಂದಿತ್ತು. ಇವತ್ತಿಗೂ ಜನ ನ್ಯಾಯ ಬೇಡಿ ಕರೆಯುತ್ತಾರೆ. ದೈವಕ್ಕೆ ಸ್ಥಾನ ಇದೆ, ನಂಬಿದವರಿದ್ದಾರೆ, ಕೊಟ್ಟ ಮಾತಿದೆ. ದಯವಿಟ್ಟು ದೈವಗಳ ಹೆಸರನ್ನಾಗಲಿ ಕೋಲವನ್ನಾಗಲಿ ಆಟಕ್ಕೆ ತರಬೇಡಿ. ಅದು ಜನರ ನಂಬಿಕೆ. ಆ ಕಟ್ಟು ಹೇಗಿದೆ ಅಂತ ಮಾತ್ರ ಕಲಿಯೋಣ.

ಹಾಗಾಗಿ ಆ ಆಟಗಾರರಿಗೆ ಮೂರು ಪ್ರಶ್ನೆ ಕೇಳಿ. ನಿನ್ನನ್ನು ಯಾರು ಕರೆಯುತ್ತಾರೆ? ಯಾವುದಕ್ಕೆ? ನಿನ್ನ ಮಾತು ಎಲ್ಲಿಯವರೆಗೆ ನಡೆಯುತ್ತದೆ? ಉತ್ತರಗಳನ್ನು ಕ್ಯಾರೆಕ್ಟರ್ ಶೀಟ್‌ನ ಮೇಲ್ಗಡೆ ಬರೆಸಿ. ಲೆವೆಲ್ 20ಕ್ಕೇ ನಿಲ್ಲಿಸಿ. ಗಡಿಯ ಒಳಗೆ, ಆ ಒಂದು ವಿಷಯದಲ್ಲಿ, ಡೈಸ್ ಇಲ್ಲದೆ ಕೆಲಸ ಆಗಲಿ. ಗಡಿ ದಾಟಿದರೆ ಎಲ್ಲರ ಹಾಗೆ ಡೈಸ್ ಉರುಳಿಸಬೇಕು. ಕರೆದವರನ್ನು ಕೈಬಿಟ್ಟರೆ ಗಡಿ ಒಂದು ಊರಿನಷ್ಟು ಒಳಕ್ಕೆ ಸರಿಯಲಿ. ಸಿದ್ಧ ರೂಲ್ಸ್ ಬೇಕಿದ್ದರೆ 2016ರ ‘ಗಾಡ್‌ಬೌಂಡ್’ ಅನ್ನುವ ಆಟದ ಪುಸ್ತಕ ನೋಡಿ. ಉಚಿತ ಆವೃತ್ತಿಯೂ ಇದೆ. ಅಲ್ಲಿ ದೇವರ ಬಲ ಕೆಲವು ‘ವರ್ಡ್’ಗಳಿಗೆ, ಅಂದರೆ ಆ ದೇವರ ಅಧಿಕಾರದ ವಿಷಯಗಳಿಗೆ, ಕಟ್ಟಿದ್ದು, ಲೋಕವನ್ನು ಬದಲಿಸಲು ‘ಡೊಮಿನಿಯನ್’ ಅನ್ನುವ ಅಂಕ ಖರ್ಚು ಮಾಡಬೇಕು.

ಉಳಿದ ಆಟಗಾರರು ಏನು ಮಾಡಬೇಕು ಅಂತಲೂ ಕೇಳಿದ್ದೀರಿ. ಅವರಿಗೆ ಅದೇ ಊರಿನ ಒಂದನೇ ಲೆವೆಲ್ ಪಾತ್ರಗಳನ್ನು ಕೊಡಿ. ಮೊದಲ ಸೆಷನ್‌ನಲ್ಲಿ ಆ ದೇವರನ್ನು ಕರೆಯುವವರು ಅವರೇ ಆಗಲಿ.