ವೈಎಫ್‌ಝಡ್450 ಕ್ವಾಡ್ ಚೆನ್ನಾಗಿ ಹಾರಬೇಕಾದರೆ ಮೊದಲು ಯಾವುದಕ್ಕೆ ದುಡ್ಡು ಹಾಕಬೇಕು?

ನೀವು ಬರೆದದ್ದು ಇಷ್ಟು: ಅಮೆರಿಕದ ಫೀನಿಕ್ಸ್‌ನಲ್ಲಿದ್ದೀರಿ, 2007ರ ಯಮಹಾ ವೈಎಫ್‌ಝಡ್450 (ನಾಲ್ಕು ಚಕ್ರದ ಕ್ವಾಡ್ ಬೈಕ್) ಸೆಕೆಂಡ್‌ಹ್ಯಾಂಡ್ ತಗೊಂಡಿದ್ದೀರಿ, ಹೆಲ್ಮೆಟ್ ಬೂಟು ಸೇರಿ ನಿಮ್ಮ ತೂಕ 95 ಕೆಜಿ. ಟೇಬಲ್‌ಟಾಪ್ (ಮೇಲ್ಭಾಗ ಚಪ್ಪಟೆಯಿರುವ ಮಣ್ಣಿನ ದಿಬ್ಬ) ಹಾರುವಾಗ ಮೂತಿ ಕೆಳಗೆ ಹೋಗುತ್ತದೆ, ಇಳಿದಾಗ ಧಡ್ ಅಂತ ಬಡಿಯುತ್ತದೆ, ಅದೇ ಕ್ಷಣಕ್ಕೆ ಎಂಜಿನ್ ಸತ್ತಂತಾಗಿ ಮತ್ತೆ ಎತ್ತಿಕೊಳ್ಳುತ್ತದೆ. ಪವರ್ ಹೆಚ್ಚಿಸಲು ಬೇರೆ ಸೈಲೆನ್ಸರ್ ಪೈಪ್, ಕ್ಯಾಮ್, ಹೈ ಕಂಪ್ರೆಷನ್ ಪಿಸ್ಟನ್ ಹಾಕಿಸಲಾ ಎಂದು ಕೇಳಿದ್ದೀರಿ.

ಈಗಲೇ ಬೇಡ. ನೀವು ಹೇಳಿದ ಮೂರು ತೊಂದರೆಗಳಲ್ಲಿ ಒಂದೂ ಪವರ್ ಸಾಲದೆ ಬಂದ ತೊಂದರೆಯಲ್ಲ. 439 ಸಿಸಿಯ ಈ ಐದು ವಾಲ್ವ್ ಎಂಜಿನ್ ಕಂಪನಿಯಿಂದ ಬಂದ ಹಾಗೇ ಇದ್ದರೂ ಸಾಮಾನ್ಯ ಟೇಬಲ್‌ಟಾಪ್ ದಾಟಿಸಲು ಧಾರಾಳ ಸಾಕು. ಮೊದಲ ಎರಡು ತೊಂದರೆ ಶಾಕ್‌ಗಳದ್ದು, ಮೂರನೆಯದು ಕಾರ್ಬ್ಯುರೇಟರಿನದ್ದು. ದುಡ್ಡೂ ಅದೇ ಕ್ರಮದಲ್ಲಿ ಹೋಗಲಿ.

ಟೇಪ್ ಹಿಡಿದು ಸ್ಯಾಗ್ (ನಿಮ್ಮ ಭಾರಕ್ಕೆ ಗಾಡಿ ತಗ್ಗುವ ಪ್ರಮಾಣ) ಅಳೆಯುವುದರಿಂದ ಶುರು ಮಾಡಿ. ಹಿಂಭಾಗವನ್ನು ಜಾಕ್ ಮೇಲೆ ಎತ್ತಿ, ಚಕ್ರ ಪೂರ್ತಿ ಇಳಿಬಿದ್ದಾಗ ಆಕ್ಸಲ್ ನಡುವಿನಿಂದ ನೇರ ಮೇಲಕ್ಕೆ ಗ್ರ್ಯಾಬ್ ಬಾರ್‌ವರೆಗೆ ಎಷ್ಟಿದೆ ಎಂದು ಬರೆದುಕೊಳ್ಳಿ. ಆಮೇಲೆ ಎಲ್ಲ ಗೇರ್ ಹಾಕಿಕೊಂಡು ಫುಟ್‌ಪೆಗ್ ಮೇಲೆ ನಿಂತು, ಒಂದೆರಡು ಸಲ ಕುಪ್ಪಳಿಸಿ, ಗಾಡಿ ನೆಲೆಗೊಂಡ ಮೇಲೆ ಅದೇ ಜಾಗವನ್ನು ಬೇರೆಯವರಿಂದ ಅಳೆಸಿ. ಎರಡರ ವ್ಯತ್ಯಾಸವೇ ಸ್ಯಾಗ್. ಅದು ಚಕ್ರದ ಒಟ್ಟು ಟ್ರಾವೆಲ್‌ನ (ಮೇಲೆ ಕೆಳಗೆ ಚಲಿಸುವ ದೂರದ) ಮೂರನೇ ಒಂದು ಭಾಗದ ಆಸುಪಾಸು ಇರಬೇಕು. ಈ ಗಾಡಿಗೆ ಹಿಂದೆ ಸುಮಾರು 270 ಮಿಮೀ, ಮುಂದೆ ಸುಮಾರು 230 ಮಿಮೀ ಟ್ರಾವೆಲ್ ಇರುವುದರಿಂದ ಹಿಂದೆ 80ರಿಂದ 90, ಮುಂದೆ 70ರಿಂದ 75 ಮಿಮೀ ಇಟ್ಟುಕೊಂಡು ಹೊರಡಿ. ಸ್ಪ್ರಿಂಗನ್ನು ಮೊದಲೇ ಅದುಮಿಡುವ ಪ್ರಿಲೋಡ್ ರಿಂಗ್ ತಿರುಗಿಸಿ ಅಲ್ಲಿಗೆ ತನ್ನಿ, ಮುಂದಿನ ಎರಡೂ ಶಾಕ್‌ಗಳಲ್ಲಿ ಸ್ಪ್ರಿಂಗ್ ಉದ್ದ ಒಂದೇ ಇರಲಿ.

ಪ್ರಿಲೋಡ್ ಬಿಗಿ ಮಾಡಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಎಂದು ತುಂಬಾ ಜನ ನಂಬಿದ್ದಾರೆ. ಹಾಗಾಗುವುದಿಲ್ಲ, ಗಾಡಿ ನಿಲ್ಲುವ ಎತ್ತರ ಮಾತ್ರ ಬದಲಾಗುತ್ತದೆ. ನೀವು ಹತ್ತಿದಾಗ ಸ್ಯಾಗ್ ಸರಿ ಬಂದು, ಇಳಿದ ಮೇಲೆ ಗಾಡಿ ತನ್ನ ತೂಕಕ್ಕೆ ಒಂದಿಷ್ಟೂ ತಗ್ಗದೆ ಮೇಲೇ ನಿಂತರೆ, ಸ್ಪ್ರಿಂಗ್ ಮೆತ್ತಗಿದೆ ಎಂದು ಅರ್ಥ. 95 ಕೆಜಿಗೆ ಹೀಗಾಗುವ ಸಂಭವ ಹೆಚ್ಚು. ಆಗ ಮೂರೂ ಶಾಕ್ ಬಿಚ್ಚಿ ಶಾಕ್ ಸರ್ವಿಸ್ ಮಾಡುವವರಿಗೆ ಕೊಡಿ. ನಿಮ್ಮ ತೂಕ, ಹಾರುವ ಜಾಗ ಹೇಳಿ ಸ್ಪ್ರಿಂಗ್ ಬದಲಿಸಿ, ವಾಲ್ವಿಂಗ್ (ಶಾಕ್ ಒಳಗೆ ಆಯಿಲ್ ಹರಿಯುವುದನ್ನು ಹೊಂದಿಸುವುದು) ಮಾಡಿಸಿ, ಹೊಸ ಆಯಿಲ್ ಮತ್ತು ನೈಟ್ರೋಜನ್ ತುಂಬಿಸಿ. ಸೆಕೆಂಡ್‌ಹ್ಯಾಂಡ್ ಗಾಡಿಯಲ್ಲಿ ಶಾಕ್ ಆಯಿಲ್ ಒಮ್ಮೆಯೂ ಬದಲಾಗದೆ ಇರುವುದೇ ಹೆಚ್ಚು. ಹಳೇ ಆಯಿಲ್ ಬಿಸಿಯಾಗಿ ತೆಳುವಾದರೆ ನಾಲ್ಕು ಲ್ಯಾಪ್ ಆದಮೇಲೆ ಶಾಕ್ ಹೊಂದಿಸುವ ಯಾವ ಕ್ಲಿಕ್ಕರ್ ಸ್ಕ್ರೂ ತಿರುಗಿಸಿದರೂ ಪ್ರಯೋಜನವಿಲ್ಲ. ನಿಮ್ಮ ಬಜೆಟ್‌ನ ದೊಡ್ಡ ಪಾಲು ಇಲ್ಲಿಗೇ ಹೋಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನು ಮೂತಿ ಕೆಳಗೆ ಹೋಗುವುದು. ರ್‍ಯಾಂಪ್ ಹತ್ತುವಾಗ ಹಿಂದಿನ ಶಾಕ್ ಅದುಮಿಕೊಂಡಿರುತ್ತದೆ, ತುದಿ ಬಿಡುವಾಗ ಬಿಚ್ಚಿಕೊಳ್ಳುತ್ತದೆ. ರಿಬೌಂಡ್, ಅಂದರೆ ಹೀಗೆ ಬಿಚ್ಚಿಕೊಳ್ಳುವುದು, ಅತಿ ವೇಗವಾಗಿದ್ದರೆ ಅದು ಹಿಂಭಾಗವನ್ನು ಮೇಲಕ್ಕೆ ಒದೆಯುತ್ತದೆ, ಮೂತಿ ತಾನಾಗಿ ಕೆಳಗಾಗುತ್ತದೆ. ಹಿಂದಿನ ರಿಬೌಂಡ್ ಸ್ಕ್ರೂವನ್ನು ಬಲಕ್ಕೆ ಪೂರ್ತಿ ಮುಚ್ಚುತ್ತಾ ಕ್ಲಿಕ್ ಎಣಿಸಿ ಬರೆದಿಟ್ಟು, ಮತ್ತೆ ಅಲ್ಲಿಗೇ ತಂದು, ಅಲ್ಲಿಂದ ಎರಡು ಕ್ಲಿಕ್ ಬಲಕ್ಕೆ ತಿರುಗಿಸಿ ಅದೇ ಜಂಪ್ ಹಾರಿ. ಬೇಕಿದ್ದರೆ ಇನ್ನೆರಡು. ಒಂದು ಸಲಕ್ಕೆ ಒಂದೇ ಬದಲಾವಣೆ, ಇಲ್ಲವಾದರೆ ಯಾವುದರಿಂದ ಏನಾಯಿತೆಂದು ಗೊತ್ತಾಗುವುದಿಲ್ಲ. ಅತಿಯಾಗಿ ನಿಧಾನ ಮಾಡಿದರೂ ತಪ್ಪೇ: ಸಾಲು ಉಬ್ಬುಗಳಲ್ಲಿ ಶಾಕ್ ಮೇಲೆ ಬರಲು ಸಮಯ ಸಾಲದೆ ಕುಗ್ಗುತ್ತಾ ಹೋಗುತ್ತದೆ, ಹಿಂಭಾಗ ಕಲ್ಲಿನಂತೆ ಬಡಿಯತೊಡಗುತ್ತದೆ. ಇಳಿದಾಗ ಬಡಿಯುವುದು ಸ್ಪ್ರಿಂಗ್ ಸರಿಹೋದ ಮೇಲೂ ಉಳಿದರೆ ಆಗ ಶಾಕ್‌ನ ಕಂಪ್ರೆಷನ್ (ಅದುಮಿಕೊಳ್ಳುವುದಕ್ಕೆ ಒಡ್ಡುವ ತಡೆ) ಕೂಡಿಸಿ. ದೊಡ್ಡ ಜಂಪ್‌ನಲ್ಲಿ ಅಪರೂಪಕ್ಕೊಮ್ಮೆ ತಳ ಮುಟ್ಟಿದರೆ ಅದು ದೋಷವಲ್ಲ, ಟ್ರಾವೆಲ್ ಪೂರ್ತಿ ಬಳಕೆಯಾಗುತ್ತಿದೆ ಎಂದರ್ಥ.

ಶಾಕ್ ಮೇಲೆ ಆರೋಪ ಹಾಕುವ ಮೊದಲು ನಿಮ್ಮ ಬಲಗೈ ಹೆಬ್ಬೆರಳನ್ನೂ ಗಮನಿಸಿ. ರ್‍ಯಾಂಪಿನ ತುದಿಯಲ್ಲಿ ಥ್ರಾಟಲ್ ಬಿಟ್ಟರೆ ಎಂಥ ಶಾಕ್ ಇದ್ದರೂ ಮೂತಿ ಇಳಿಯುತ್ತದೆ. ತುದಿ ದಾಟುವವರೆಗೆ ಒಂದೇ ಸಮ ಹಿಡಿದಿರಿ. ಗಾಳಿಯಲ್ಲಿ ಥ್ರಾಟಲ್ ಕೊಟ್ಟರೆ ಹಿಂದಿನ ಚಕ್ರಗಳ ತಿರುಗುವ ವೇಗ ಏರಿ, ಅದರ ಪ್ರತಿಕ್ರಿಯೆಯಾಗಿ ಮೂತಿ ಮೇಲೇಳುತ್ತದೆ. ಕ್ಲಚ್ ಹಿಡಿದು ಹಿಂದಿನ ಬ್ರೇಕ್ ಮುಟ್ಟಿಸಿದರೆ ಮೂತಿ ಇಳಿಯುತ್ತದೆ. ಇಳಿಯುವ ಮೊದಲು ಬ್ರೇಕ್ ಬಿಟ್ಟಿರಲೇಬೇಕು. ಚಕ್ರ ಲಾಕ್ ಆಗಿ ನೆಲಕ್ಕೆ ತಾಗಿದರೆ ಗಾಡಿ ಮುಂದಕ್ಕೆ ಮಗುಚಬಹುದು, ಚೈನ್‌ಗೂ ಗೇರ್‌ಬಾಕ್ಸಿಗೂ ಏಟು.

ಇಳಿದ ಕೂಡಲೇ ಎಂಜಿನ್ ಸತ್ತಂತಾಗುವುದು 39 ಮಿಮೀ ಕೆಯ್ಹಿನ್ ಎಫ್‌ಸಿಆರ್ ಕಾರ್ಬ್ಯುರೇಟರಿನ ಹೆಸರಾಂತ ಕಾಯಿಲೆ. ಏಟಿಗೆ ಫ್ಲೋಟ್ ಬೌಲ್‌ನಲ್ಲಿ (ಕಾರ್ಬ್ಯುರೇಟರಿನ ತಳದ ಬಟ್ಟಲಲ್ಲಿ) ಪೆಟ್ರೋಲು ಅಲ್ಲಾಡಿ, ಪೆಟ್ರೋಲು ಹೀರುವ ಸಣ್ಣ ತೂತಾದ ಜೆಟ್‌ನಿಂದ ದೂರ ಸರಿಯುತ್ತದೆ, ಇಲ್ಲವೇ ಮೇಲಕ್ಕೆ ಉಕ್ಕುತ್ತದೆ. ಸದ್ದಿಲ್ಲದೆ ಖಾಲಿಯಾಗಿ ಥಟ್ಟನೆ ಎತ್ತಿಕೊಂಡರೆ ಪೆಟ್ರೋಲು ಸಾಲದ್ದು. ಗುಳುಗುಳು ಎಂದು ಕಪ್ಪು ಹೊಗೆ ಬಿಟ್ಟು ನಿಧಾನವಾಗಿ ಸರಿಯಾದರೆ ಹೆಚ್ಚಾದದ್ದು. ಮೊದಲು ವೆಂಟ್ ಟ್ಯೂಬ್‌ಗಳು ಎಲ್ಲೂ ಮಡಚಿಲ್ಲ, ಕೆಸರು ಕಟ್ಟಿಲ್ಲ ಎಂದು ನೋಡಿ. ಆಮೇಲೆ ಫ್ಲೋಟ್ ಎತ್ತರ: ಕಾರ್ಬ್ಯುರೇಟರ್ ಬಿಚ್ಚಿ ಓರೆಯಾಗಿ ಹಿಡಿದಾಗ ಫ್ಲೋಟ್‌ನ ನಾಲಿಗೆ ನೀಡಲ್ ವಾಲ್ವಿನ ಪಿನ್ನಿಗೆ ಬರೀ ತಾಗಿರಬೇಕು, ಅದರ ಸ್ಪ್ರಿಂಗನ್ನು ಅದುಮಬಾರದು. ಆ ಸ್ಥಿತಿಯಲ್ಲಿ ಗ್ಯಾಸ್ಕೆಟ್ ಕೂರುವ ಅಂಚಿನಿಂದ ಫ್ಲೋಟ್ ತುದಿಗೆ ಸುಮಾರು 8 ಮಿಮೀ ಇರಬೇಕು. ಅಳತೆ ಹೆಚ್ಚಿದ್ದರೆ ಬೌಲ್‌ನಲ್ಲಿ ಪೆಟ್ರೋಲು ಕಡಿಮೆ ನಿಲ್ಲುತ್ತದೆ ಎಂದು ನೆನಪಿಡಿ. ಸರಿಪಡಿಸಲು ನಾಲಿಗೆಯನ್ನು ಕೂದಲೆಳೆಯಷ್ಟು ಬಗ್ಗಿಸಿದರೆ ಸಾಕು. ಮೂರನೆಯದು ಥ್ರಾಟಲ್ ಒತ್ತಿದಾಗ ಹೆಚ್ಚುವರಿ ಪೆಟ್ರೋಲು ಚಿಮ್ಮಿಸುವ ಆಕ್ಸಿಲರೇಟರ್ ಪಂಪ್: ಏರ್ ಬೂಟ್ ತೆಗೆದು ಥ್ರಾಟಲ್ ಒತ್ತಿ, ಚಿಮ್ಮುವ ಧಾರೆ ನೋಡಿ. ಅದು ತಡವಿಲ್ಲದೆ ಹೊರಡಬೇಕು, ಸ್ಲೈಡಿಗೆ ಬಡಿಯಬಾರದು, ಒಂದು ಸೆಕೆಂಡಿಗಿಂತ ಮೊದಲೇ ನಿಲ್ಲಬೇಕು. ತಡವಾಗಿ ಹೊರಟರೆ ಪಂಪ್ ಲಿಂಕೇಜ್‌ಗೆ ಸಣ್ಣ ಓ-ರಿಂಗ್ ಸುತ್ತುವುದು ಅಗ್ಗದ, ಫಲ ಕೊಡುವ ಉಪಾಯ. ಇನ್ನೊಂದು, ಪಾರ್ಕಿಂಗ್ ಬ್ರೇಕ್ ಹಾಕಿದ್ದರೆ ಈ ಗಾಡಿ ಎಂಜಿನ್ ವೇಗವನ್ನು ತಾನೇ ಕಡಿತ ಮಾಡುತ್ತದೆ. ಅದರ ಸ್ವಿಚ್ ಕೆಟ್ಟಿದ್ದರೂ ಕಾರ್ಬ್ಯುರೇಟರ್ ಕೆಟ್ಟಂತೆಯೇ ತೋರುತ್ತದೆ, ಬಿಚ್ಚುವ ಮೊದಲು ಅದನ್ನೂ ನೋಡಿ.

ದುಡ್ಡು ಉಳಿದರೆ ಹಿಂದಿನ ಟೈರು. ಕಂಪನಿಯದು 20 ಇಂಚು ಎತ್ತರ; ಟ್ರ್ಯಾಕ್‌ಗೆ 8 ಇಂಚಿನ ರಿಮ್ ಮೇಲೆ 18 ಇಂಚಿನದು ಹಾಕುತ್ತಾರೆ. ಗಾಡಿ ಒಂದು ಇಂಚು ತಗ್ಗಿ ತಿರುವಿನಲ್ಲಿ ನೆಲ ಕಚ್ಚುತ್ತದೆ. ಇದರ ಜೊತೆಗೇ ಮುಂದಿನ ಸ್ಪ್ರಾಕೆಟ್ 14 ಹಲ್ಲಿನಿಂದ 13ಕ್ಕೆ ಇಳಿಸಬೇಡಿ. ಟೈರಿನಿಂದಲೇ ಗೇರಿಂಗ್ ಹತ್ತರಲ್ಲಿ ಒಂದು ಪಾಲು ಇಳಿದಿರುತ್ತದೆ, ಎರಡೂ ಮಾಡಿದರೆ ರ್‍ಯಾಂಪ್ ಮಧ್ಯದಲ್ಲೇ ಎಂಜಿನ್ ತನ್ನ ಗರಿಷ್ಠ ವೇಗದ ಲಿಮಿಟರ್ ಮುಟ್ಟಬಹುದು.

ಅಗಲವನ್ನು ಸ್ಪೇಸರ್ ಹಾಕಿ ಹೆಚ್ಚಿಸುವುದು ನನಗೆ ಸರಿ ಕಾಣುವುದಿಲ್ಲ, ಹಬ್ ಸ್ಟಡ್‌ಗಳ ಮೇಲೆ ಭಾರ ಹೆಚ್ಚುತ್ತದೆ. ಅಗಲವಾದ ಆಕ್ಸಲ್, 2 ಇಂಚು ಹೆಚ್ಚು ಉದ್ದದ ಎ-ಆರ್ಮ್ (ಮುಂದಿನ ಚಕ್ರ ಹಿಡಿಯುವ ತೋಳು), ಅದಕ್ಕೆ ತಕ್ಕ ಟೈ ರಾಡ್, ಬ್ರೇಕ್ ಹೋಸ್ ಎಲ್ಲ ಒಟ್ಟಿಗೆ ಬಂದಾಗ ಮಾತ್ರ ಅದಕ್ಕೆ ಕೈ ಹಾಕಿ. ನರ್ಫ್ ಬಾರ್ ಮತ್ತು ಟೆದರ್ ಕಿಲ್ ಸ್ವಿಚ್ (ಸವಾರ ಬಿದ್ದರೆ ದಾರ ಕಳಚಿ ಎಂಜಿನ್ ನಿಲ್ಲಿಸುವುದು) ಮಾತ್ರ ಈಗಲೇ ಬೇಕು. ಫುಟ್‌ಪೆಗ್‌ನಿಂದ ಜಾರಿದ ಕಾಲು ಹಿಂದಿನ ಚಕ್ರದಡಿ ಸಿಗದಂತೆ ತಡೆಯುವುದು ನರ್ಫ್ ಬಾರಿನ ಬಲೆಯೇ.

ಪೈಪ್ ಹಾಕಿಸುವ ದಿನ ಬಂದಾಗ ಮೇನ್ ಜೆಟ್ ಎರಡು ಮೂರು ಹಂತ ದೊಡ್ಡದಿಟ್ಟು, ಸ್ಪಾರ್ಕ್ ಪ್ಲಗ್ ಬಣ್ಣ ನೋಡಿ ಇಳಿಸುತ್ತಾ ಬನ್ನಿ. ಫ್ಯೂಯಲ್ ಸ್ಕ್ರೂ ಮೂರು ಸುತ್ತಿಗಿಂತ ಹೆಚ್ಚು ಬಿಚ್ಚಬೇಕಾದರೆ ಪೈಲಟ್ ಜೆಟ್ ಒಂದು ಹಂತ ದೊಡ್ಡದು ಬೇಕು. ಫೀನಿಕ್ಸ್ ಸುಮಾರು 330 ಮೀಟರ್ ಎತ್ತರದಲ್ಲಿದೆ, ನಿಮ್ಮ ರಾಜ್ಯದ್ದೇ ಆದ ಫ್ಲ್ಯಾಗ್‌ಸ್ಟಾಫ್ ಊರು ಸುಮಾರು 2,100ರಲ್ಲಿ. ಅಲ್ಲಿ ಗಾಳಿ ತೆಳು, ಚಿಕ್ಕ ಜೆಟ್ ಬೇಕು. ವಾಪಸ್ ಬಂದ ಮೇಲೆ ಅದನ್ನೇ ಬಿಟ್ಟು ಓಡಿಸಿದರೆ ಮಿಶ್ರಣ ತೆಳುವಾಗಿ ಪಿಸ್ಟನ್ ಸುಡುತ್ತದೆ.

ಕೊನೆಗೆ ಬಿಗಿತದ ಮಾತು. ಈ ಮಾಡೆಲಿನಲ್ಲಿ ಹಿಂದಿನ ಆಕ್ಸಲ್‌ನ ದೊಡ್ಡ ನಟ್‌ಗಳು ಸಡಿಲಾಗುವುದು ಸಾಮಾನ್ಯ. ಎಣ್ಣೆ ಒರೆಸಿ, ನಟ್ ಸಡಿಲವಾಗದಂತೆ ಹಿಡಿಯುವ ಕೆಂಪು ಲಾಕ್‌ಟೈಟ್ ಅಂಟು ಹಚ್ಚಿ, ಮ್ಯಾನುಯಲ್ ಹೇಳಿದ ಟಾರ್ಕ್‌ಗೆ ಬಿಗಿ ಮಾಡಿ, ನಟ್ ಮೇಲೂ ಆಕ್ಸಲ್ ಮೇಲೂ ಸೇರಿಸಿ ಪೇಂಟ್‌ನಿಂದ ಒಂದು ಗೆರೆ ಎಳೆಯಿರಿ. ಗೆರೆ ಒಡೆದಿದ್ದರೆ ನಟ್ ತಿರುಗಿದೆ. ಚೈನ್ ಸಡಿಲವನ್ನು ಗಾಡಿ ನಿಂತಾಗ ಅಲ್ಲ, ಸ್ಪ್ರಾಕೆಟ್, ಸ್ವಿಂಗ್‌ಆರ್ಮ್ ಪಿವಟ್, ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ನೋಡಿ. ಚೈನ್ ಅತಿ ಬಿಗಿಯಾಗುವುದು ಅಲ್ಲೇ. ಅಲ್ಲಿ ಸ್ವಲ್ಪವೂ ಸಡಿಲವಿಲ್ಲದಿದ್ದರೆ ಪ್ರತಿ ಇಳಿತದ ಏಟು ಬೇರಿಂಗ್‌ಗೆ ಬೀಳುತ್ತದೆ. ಟೈರು ಗಾಳಿ 5ರಿಂದ 6 ಪಿಎಸ್‌ಐ ಇರಲಿ. ಪೆಟ್ರೋಲ್ ಬಂಕಿನ ಗೇಜ್ ಇಷ್ಟು ಕಡಿಮೆಯನ್ನು ಸರಿಯಾಗಿ ತೋರಿಸುವುದಿಲ್ಲ, 15 ಪಿಎಸ್‌ಐವರೆಗಿನ ಚಿಕ್ಕ ಗೇಜ್ ಕೊಂಡಿಟ್ಟುಕೊಳ್ಳಿ.