ಸ್ವಂತ ಲಾರಿ, ಸ್ವಂತ ಸ್ಟೀರಿಂಗು: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ಹೊಸದಾಗಿ ಗಾಡಿ ಮಾಲೀಕರಾದವರು, ಆಗಬೇಕೆಂದಿರುವವರು ಬರೆದು ಕೇಳಿದ ಪ್ರಶ್ನೆಗಳು ಈ ಸಲ. ಬಾಡಿಗೆ, ಡೀಸೆಲ್ ದರಗಳು ದಿನಕ್ಕೊಂದು ಥರ ಇರುವುದರಿಂದ ಲೆಕ್ಕದಲ್ಲಿ ಬರುವ ಅಂಕಿಗಳನ್ನು ಉದಾಹರಣೆಯೆಂದು ಓದಿ, ನಿಮ್ಮ ಗಾಡಿಯ ಅಂಕಿಗಳನ್ನು ಅಲ್ಲಿ ಕೂಡಿಸಿಕೊಳ್ಳಿ.

ಪ್ರಶ್ನೆ: ಹತ್ತು ವರ್ಷ ಬೇರೆಯವರ ಗಾಡಿ ಹೊಡೆದೀನ್ರಿ. ಕೈಯಾಗ 4 ಲಕ್ಷ ಅದ. ಸೊಲ್ಲಾಪುರ ಕಡೆ 11 ವರ್ಷದ ಗಾಡಿಗಳು ಅಗ್ಗಕ್ಕ ಸಿಗತಾವ. ಆರು ಚಕ್ರದ್ದು ತಗೊಳ್ಳಲೋ, ಹತ್ತು ಚಕ್ರದ್ದೋ? ನೋಡೋದು ಏನೇನು? — ಸೇಡಂನಿಂದ

ಉತ್ತರ: ಅಗ್ಗವಾಗಿರುವುದಕ್ಕೆ ಕಾರಣ ವಯಸ್ಸು. ಆರು ಚಕ್ರದ, ಅಂದರೆ ಎರಡು ಆ್ಯಕ್ಸೆಲ್‌ನ ಗಾಡಿಗೆ 12 ವರ್ಷ ದಾಟಿದ ಮೇಲೆ ನ್ಯಾಷನಲ್ ಪರ್ಮಿಟ್ (ಬೇರೆ ರಾಜ್ಯಗಳಿಗೂ ಮಾಲು ಒಯ್ಯುವ ಪರವಾನಗಿ) ಕೊಡುವುದಿಲ್ಲ. ಹತ್ತು ಚಕ್ರ ಮತ್ತು ಅದಕ್ಕಿಂತ ದೊಡ್ಡ ಮಲ್ಟಿ ಆ್ಯಕ್ಸೆಲ್ ಗಾಡಿಗೆ ಆ ಗಡಿ 15 ವರ್ಷ. ಸೇಡಂನಿಂದ ತಾಂಡೂರು ಎಷ್ಟು ದೂರ ಹೇಳಿ. ತೆಲಂಗಾಣ, ಮಹಾರಾಷ್ಟ್ರಕ್ಕೆ ಹೋಗದ ಲಾರಿ ನಮ್ಮ ಭಾಗದಲ್ಲಿ ಅರ್ಧ ಲಾರಿ. ನೀವು ನೋಡಿದ ಆರು ಚಕ್ರದ ಗಾಡಿಗೆ ಉಳಿದಿರುವುದು ಒಂದು ವರ್ಷ, ಹತ್ತು ಚಕ್ರದ್ದಕ್ಕೆ ನಾಲ್ಕು. ಎಂಟು ವರ್ಷ ದಾಟಿದ ಗಾಡಿಗೆ ಎಫ್‌ಸಿ (ಗಾಡಿ ಓಡಲು ಯೋಗ್ಯ ಎಂಬ ಫಿಟ್ನೆಸ್ ಪತ್ರ) ಕೂಡ ಪ್ರತಿ ವರ್ಷ ಮಾಡಿಸಬೇಕು. ಸಾಲ ನಾಲ್ಕು ವರ್ಷ, ಪರ್ಮಿಟ್ ಒಂದೇ ವರ್ಷ ಎಂಬ ಗಾಡಿಯ ಹತ್ತಿರ ಹೋಗಬೇಡಿ.

ಗಾಡಿಯನ್ನು ಬೆಳಿಗ್ಗೆ ತಣ್ಣಗಿರುವಾಗಲೇ ನೋಡಿ. ಮಾರುವವರು ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ಮರುದಿನ ಬನ್ನಿ. ಐಡಲ್‌ನಲ್ಲಿಟ್ಟು ಎಂಜಿನ್ ಆಯಿಲ್ ಹಾಕುವ ಮುಚ್ಚಳ ತೆಗೆಯಿರಿ. ಭುಸುಭುಸು ಹೊಗೆ ಬಂದರೆ ರಿಂಗು, ಲೈನರು ಹೋಗಿವೆ. ಡಿಫರೆನ್ಶಿಯಲ್ ಆಯಿಲ್ ಸ್ವಲ್ಪ ಇಳಿಸಿ, ಡ್ರೇನ್ ಬೋಲ್ಟಿಗೆ ಕಬ್ಬಿಣದ ಚೂರು ಅಂಟಿದೆಯೇ ನೋಡಿ. ನಯವಾದ ಪುಡಿ ಇರುವುದು ಸಹಜ, ಚೂರು ಇರಬಾರದು. ಮುಂದಿನ ಆ್ಯಕ್ಸೆಲ್‌ಗೆ ಜಾಕ್ ಕೊಟ್ಟು ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸಿದರೆ ಕಿಂಗ್‌ಪಿನ್ನು, ಬೇರಿಂಗಿನ ಸಡಿಲ ಕೈಗೇ ತಿಳಿಯುತ್ತದೆ. ಹಿಂದಿನ ಕಮಾನ್ ಪಟ್ಟಿ ಬ್ರಾಕೆಟ್ಟಿನ ಸುತ್ತ, ಕ್ಯಾಬಿನ್ ಹಿಂದೆ ಚಾಸಿಯ ಮೇಲೆ ವೆಲ್ಡಿಂಗ್ ಗುರುತು, ಹೊಸ ಬಣ್ಣ ಕಂಡರೆ ಓವರ್‌ಲೋಡ್ ಹೊಡೆದ ಗಾಡಿ ಎಂದೇ ತಿಳಿಯಿರಿ. ಇವೆಲ್ಲ ನಿಮಗೆ ಗೊತ್ತಿರದ ಕೆಲಸವಾದರೆ ಬಸವಕಲ್ಯಾಣದ ಸಸ್ತಾಪುರ ಬಂಗ್ಲಾ ಆಟೋ ನಗರದ ಒಬ್ಬ ಮಿಸ್ತ್ರಿಗೆ ದಿನದ ಕೂಲಿ ಕೊಟ್ಟು ಜೊತೆಗೆ ಕರೆದೊಯ್ಯಿರಿ.

ಕಾಗದದಲ್ಲಿ ಫಾರಂ 28 ಅಂದರೆ ಅಲ್ಲಿನ ಆರ್‌ಟಿಒ ಎನ್‌ಒಸಿ, 29 ಮತ್ತು 30 ವರ್ಗಾವಣೆಗೆ, ಹಳೆ ಸಾಲವಿದ್ದರೆ ಫೈನಾನ್ಸ್‌ನವರ ಸಹಿ ಇರುವ ಫಾರಂ 35. ಚಾಸಿ ನಂಬರನ್ನು ಪೆನ್ಸಿಲ್‌ನಿಂದ ಉಜ್ಜಿ ತೆಗೆದು ಆರ್‌ಸಿ ಜೊತೆ ತಾಳೆ ನೋಡಿ. ಪರಿವಾಹನ್ ತಾಣದಲ್ಲಿ ಬಾಕಿ ಚಲನ್, ತೆರಿಗೆ ನೋಡಿ. ಖರೀದಿಯಾದ 14 ದಿನದೊಳಗೆ ಇನ್ಶೂರೆನ್ಸ್ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಿ. ಥರ್ಡ್ ಪಾರ್ಟಿ ರಕ್ಷಣೆ ಗಾಡಿಯ ಜೊತೆ ಬರುತ್ತದೆ, ನಿಮ್ಮ ಗಾಡಿಯ ಡ್ಯಾಮೇಜ್ ಕ್ಲೇಮು ಬರುವುದಿಲ್ಲ.

ಸಾಲದ ಬಗ್ಗೆ ಒಂದು ಮಾತು. “ಬರೀ 9 ಪರ್ಸೆಂಟ್” ಅಂದರೆ ಫ್ಲಾಟ್ ದರವೋ (ಕೊನೆತನಕ ಪೂರ್ತಿ ಸಾಲದ ಮೇಲೆ ಬಡ್ಡಿ), ಕಡಿಮೆಯಾಗುವ ಬಾಕಿಯ ಮೇಲಿನ ದರವೋ ಕೇಳಿ. 10 ಲಕ್ಷಕ್ಕೆ ಫ್ಲಾಟ್ 9ರಂತೆ ನಾಲ್ಕು ವರ್ಷಕ್ಕೆ ಬಡ್ಡಿ 3,60,000, ತಿಂಗಳ ಕಂತು ಸುಮಾರು 28,300. ಬ್ಯಾಂಕಿನ ಲೆಕ್ಕದಲ್ಲಿ ಇದು 16 ಪರ್ಸೆಂಟ್. ಮತ್ತೆ, ಆ 4 ಲಕ್ಷ ಪೂರ್ತಿ ಮುಂಗಡಕ್ಕೆ ಸುರಿಯಬೇಡಿ. ಒಂದೂವರೆ ಲಕ್ಷವಾದರೂ ಕೈಯಲ್ಲಿರಲಿ: ಎರಡು ಟ್ರಿಪ್ಪಿನ ಡೀಸೆಲ್, ಒಂದು ಕಂತು, ಎರಡು ಟೈರು. ಹೊಸ ಮಾಲೀಕರ ಗಾಡಿ ಫೈನಾನ್ಸ್‌ನವರ ಯಾರ್ಡ್ ಸೇರುವುದು ಬಾಡಿಗೆ ಸಿಗದೆ ಅಲ್ಲ, ಬಾಕಿ ಬರುವ ತನಕ ಓಡಿಸಲು ರೊಕ್ಕ ಇಲ್ಲದೆ.

ಪ್ರಶ್ನೆ: ಕಲಬುರಗಿಯಿಂದ ಬೆಂಗಳೂರಿಗೆ ಬೇಳೆ ಲೋಡಿಗೆ 34 ಸಾವಿರ ಬರುತ್ತದೆ, ವಾಪಸ್ಸಿಗೂ ಏನೋ ಒಂದು ಸಿಗುತ್ತದೆ. ಆದರೂ ತಿಂಗಳ ಕೊನೆಗೆ ಕಂತು ಕಟ್ಟಲು ಸಾಲ. ಎಲ್ಲಿ ಸೋರುತ್ತಿದೆ? — ಕಲಬುರಗಿ ನಗರದಿಂದ

ಉತ್ತರ: ನೀವು ಟ್ರಿಪ್ಪಿನ ಲೆಕ್ಕ ಇಡುತ್ತಿದ್ದೀರಿ, ದಿನದ ಲೆಕ್ಕ ಇಡುತ್ತಿಲ್ಲ.

ಗಾಡಿ ನಿಂತರೂ ಓಡಿದರೂ ತಿನ್ನುವ ಖರ್ಚು ಮೊದಲು ಬರೆಯಿರಿ. ತಿಂಗಳಿಗೆ ಕಂತು 30,000. ಇನ್ಶೂರೆನ್ಸ್ 5,500 (20 ಟನ್ ದಾಟಿ 40 ಟನ್ ವರೆಗಿನ ಗಾಡಿಗೆ 2022ರ ಜೂನ್‌ನಲ್ಲಿ ಬಂದ ದರದಲ್ಲಿ ಥರ್ಡ್ ಪಾರ್ಟಿ ಒಂದೇ ವರ್ಷಕ್ಕೆ 43,950, ತೆರಿಗೆ ಬೇರೆ). ನ್ಯಾಷನಲ್ ಪರ್ಮಿಟ್‌ನ ವಾರ್ಷಿಕ 16,500, ರಸ್ತೆ ತೆರಿಗೆ, ಎಫ್‌ಸಿ ಸೇರಿಸಿ ತಿಂಗಳಿಗೆ 4,000 ಎನ್ನಿ. ಕ್ಲೀನರ್ 10,000. ಇನ್ನು ನಿಮ್ಮ ಸಂಬಳ 20,000. ಇದನ್ನು ಹೆಚ್ಚಿನವರು ಬರೆಯುವುದೇ ಇಲ್ಲ, ಡ್ರೈವರ್ ಪುಕ್ಕಟೆ ಅಂದುಕೊಳ್ಳುತ್ತಾರೆ. ಒಟ್ಟು 69,500. ತಿಂಗಳಿಗೆ 25 ದುಡಿಯುವ ದಿನ ಹಿಡಿದರೆ ದಿನಕ್ಕೆ ಸುಮಾರು 2,800. ಗಾಡಿ ಕಾಟಾ (ತೂಕದ ಕಟ್ಟೆ) ಮುಂದೆ ಸಾಲಿನಲ್ಲಿ ನಿಂತ ದಿನವೂ ಇಷ್ಟು ಹೋಗುತ್ತದೆ.

ಓಡಿದರೆ ಆಗುವ ಖರ್ಚು ಕಿಲೋಮೀಟರಿಗೆ: ಡೀಸೆಲ್ 90 ರೂಪಾಯಿ, ಲೋಡಿನಲ್ಲಿ ಲೀಟರಿಗೆ 4 ಕಿ.ಮೀ. ಎಂದರೆ 22.50. ಟೈರು 2.50, ಆಯಿಲ್ ಮತ್ತು ರಿಪೇರಿ 3, ಡಿಇಎಫ್ (ಬಿಎಸ್ 6 ಗಾಡಿಗೆ ಹಾಕುವ ಯೂರಿಯಾ ನೀರು) 1, ಟೋಲ್ ಸರಾಸರಿ 3. ಒಟ್ಟು 32. ಹೋಗಿ ಬರಲು 1,200 ಕಿ.ಮೀ.ಗೆ 38,400. ಇನ್ನು ದಿನ ಎಣಿಸಿ: ಗಂಜ್‌ನಲ್ಲಿ ಲೋಡಿಂಗ್ ಒಂದು ದಿನ, ದಾರಿ ಒಂದೂವರೆ, ಯಶವಂತಪುರ ಯಾರ್ಡಿನಲ್ಲಿ ಖಾಲಿಯಾಗಲು ಒಂದು, ವಾಪಸ್ ಲೋಡಿಗೆ ಒಂದು, ಮರಳಿ ಒಂದೂವರೆ. ಆರು ದಿನಕ್ಕೆ 16,800. ಒಟ್ಟು ಖರ್ಚು 55,200. ಬಂದದ್ದು 34,200 (18 ಟನ್, ಟನ್ನಿಗೆ 1,900) ಮತ್ತು ವಾಪಸ್ 25,000. ದಲಾಲಿ, ಹಮಾಲಿ, ಕಾಟಾ 2,500 ಕಳೆದರೆ 56,700. ಉಳಿದದ್ದು 1,500. ನಗರದೊಳಗೆ ಹಗಲು ಭಾರಿ ವಾಹನಕ್ಕೆ ನಿರ್ಬಂಧವಿದೆ. ಅದಕ್ಕೆ ಸಿಕ್ಕಿ ಎರಡು ದಿನ ಜಾಸ್ತಿಯಾದರೆ 4,100 ನಷ್ಟ.

ಹಾಗಾದರೆ ಖಾಲಿ ಬರಬೇಕೇ? ಬೇಡ. ಖಾಲಿ ಗಾಡಿ ಲೀಟರಿಗೆ ಐದೂವರೆ ಕಿ.ಮೀ. ಕೊಟ್ಟರೂ 600 ಕಿ.ಮೀ.ಗೆ ಉಳಿಯುವುದು 41 ಲೀಟರ್, 3,700 ರೂಪಾಯಿ ಮಾತ್ರ. ಎರಡು ದಿನ ಮೊದಲೇ ಮನೆ ಸೇರಿ, ದಲಾಲಿ, ಹಮಾಲಿ ಅರ್ಧ ಉಳಿದರೂ ಆ ಟ್ರಿಪ್ಪಿನಲ್ಲಿ ಸುಮಾರು 13,000 ನಷ್ಟ. ಲೋಡು ಬೇಕು, ಆದರೆ ಒಳ್ಳೆ ಬಾಡಿಗೆಗೆಂದು ಕಾಯುವಾಗ ದಿನಕ್ಕೆ 2,800ರ ಗೆರೆ ಎಳೆದುಕೊಳ್ಳಿ. ಇವತ್ತು 18,000ಕ್ಕೆ ಲೋಡು ಇದೆ, ಮೂರು ದಿನ ಬಿಟ್ಟು 25,000ದ್ದು ಬರುತ್ತದೆ ಎಂದರೆ ಇವತ್ತಿನದೇ ಹೆಚ್ಚು, ಏಕೆಂದರೆ ಕಾದ ಮೂರು ದಿನಕ್ಕೆ 8,400 ಹೋಗುತ್ತದೆ. ಇಷ್ಟು ಲೆಕ್ಕ ಡ್ಯಾಶ್‌ಬೋರ್ಡಿನ ಮೇಲೆ ಬರೆದು ಅಂಟಿಸಿದರೆ ದಲಾಲನ ಮುಂದೆ ಮಾತಾಡುವ ಧಾಟಿಯೇ ಬದಲಾಗುತ್ತದೆ.

ಇನ್ನೊಂದು: ವರ್ಷವಿಡೀ ಒಂದೇ ದಾರಿ ಹಿಡಿಯಬೇಡಿ. ಡಿಸೆಂಬರ್‌ನಿಂದ ತೊಗರಿ ಬರುತ್ತದೆ, ದಾಲ್ ಮಿಲ್‌ಗಳು ತುಂಬಿರುತ್ತವೆ. ಬೀದರ್ ಕಡೆ ಅಕ್ಟೋಬರ್‌ನಲ್ಲಿ ಸೋಯಾ, ಆಮೇಲೆ ಕಬ್ಬು. ಶಹಾಪುರ, ಸುರಪುರದಲ್ಲಿ ಹತ್ತಿ, ಭತ್ತ. ಸೇಡಂ, ಮಳಖೇಡ, ವಾಡಿಯ ಸಿಮೆಂಟು ವರ್ಷವಿಡೀ ಇದ್ದರೂ ಮಳೆಗಾಲದಲ್ಲಿ ಕುಗ್ಗುತ್ತದೆ. ದೊಡ್ಡ ರಿಪೇರಿ, ಎಫ್‌ಸಿ, ಬಾಡಿ ಕೆಲಸ ಎಲ್ಲ ಜುಲೈ, ಆಗಸ್ಟಿಗೆ ಇಟ್ಟುಕೊಳ್ಳಿ. ಆ ದಿನಗಳಲ್ಲಿ ತೊಗರಿ ಹೊಲದ ಎರೆ ಮಣ್ಣಿನೊಳಗೆ ಗಾಡಿ ಇಳಿಸಬೇಡಿ. ಜೆಸಿಬಿ ಕರೆಸಿದರೆ ಆ ಬಾಡಿಗೆ ಅದಕ್ಕೇ.

ಪ್ರಶ್ನೆ: ಪುಣೆಯಲ್ಲಿ ಖಾಲಿ ಮಾಡಿ ಅಲ್ಲಿಂದ ಸೊಲ್ಲಾಪುರದ ಲೋಡು ಹಾಕಿಕೊಂಡು ಬರಬಹುದೇ? ದಾರಿಯಲ್ಲೇ ಇದೆಯಲ್ಲ. — ಬಸವಕಲ್ಯಾಣದಿಂದ

ಉತ್ತರ: ಬರುವಂತಿಲ್ಲ. ನ್ಯಾಷನಲ್ ಪರ್ಮಿಟ್ ಗಾಡಿ ಬೇರೆ ರಾಜ್ಯದ ಒಳಗೇ ಎರಡು ಊರುಗಳ ನಡುವೆ ಮಾಲು ಸಾಗಿಸುವುದು ನಿಯಮಕ್ಕೆ ವಿರುದ್ಧ. ಪುಣೆಯಿಂದ ಹುಮನಾಬಾದ್, ಬೀದರ್ ಅಥವಾ ಹೈದರಾಬಾದ್ ಲೋಡು ಹುಡುಕಿ.

ಪ್ರಶ್ನೆ: ಭತ್ತದ ವ್ಯಾಪಾರಿ 22 ಟನ್ ಹಾಕಿದರೇ ಬಾಡಿಗೆ, ಇಲ್ಲಾಂದ್ರೆ ಬೇರೆ ಗಾಡಿ ಅಂತಾರ. ಎಲ್ಲಾರೂ ಹಾಕ್ತಾರಲ್ರಿ? — ಶಹಾಪುರದಿಂದ

ಉತ್ತರ: ಎಲ್ಲರೂ ಹಾಕುತ್ತಾರೆ, ಸಿಕ್ಕಿಬಿದ್ದವರಷ್ಟೇ ಲೆಕ್ಕ ಹೇಳುತ್ತಾರೆ. 2018ರ ನಿಯಮದಂತೆ ಹತ್ತು ಚಕ್ರಕ್ಕೆ ಒಟ್ಟು ತೂಕದ ಮಿತಿ 28.5 ಟನ್, ಆದರೆ ನಿಮಗೆ ಲೆಕ್ಕ ನಿಮ್ಮ ಆರ್‌ಸಿಯಲ್ಲಿ ಬರೆದದ್ದು. ಖಾಲಿ ಗಾಡಿ 9.5 ಟನ್ ಇದ್ದರೆ ಹಾಕಬಹುದಾದದ್ದು 19. ಡಾಲಾ (ಬಾಡಿಯ ಪಕ್ಕದ ಹಲಗೆ) ಎತ್ತರಿಸಿ, ಗಾರ್ಡ್ ಕಟ್ಟಿಸಿದ್ದರೆ ಖಾಲಿ ತೂಕ ಆರ್‌ಸಿಗಿಂತ ಜಾಸ್ತಿಯೇ ಇರುತ್ತದೆ, ಒಮ್ಮೆ ಖಾಲಿ ಕಾಟಾ ಮಾಡಿಸಿ ಚೀಟಿ ಇಟ್ಟುಕೊಳ್ಳಿ. 3 ಟನ್ ಹೆಚ್ಚಿಗೆ ಸಿಕ್ಕಿದರೆ ದಂಡ 20,000, ಮೇಲೆ ಟನ್ನಿಗೆ 2,000ದಂತೆ 6,000, ಹೆಚ್ಚಿನ ಮಾಲು ಇಳಿಸುವ ಖರ್ಚೂ ನಿಮ್ಮದೇ. ತೂಕಕ್ಕೆ ನಿಲ್ಲಿಸದೆ ಓಡಿದರೆ 40,000. ಟನ್ನಿಗೆ 1,000 ಬಾಡಿಗೆಯಿದ್ದರೆ ನೀವು ಹೆಚ್ಚಿಗೆ ಗಳಿಸಿದ್ದು 3,000. ಒಂಬತ್ತು ಸಲ ತಪ್ಪಿಸಿಕೊಂಡರೆ ಒಂದು ದಂಡಕ್ಕೆ ಸಮ. ಕಮಾನ್ ಪಟ್ಟಿ, ಬ್ರೇಕ್ ಲೈನರ್, ಟೈರಿನ ಸವೆತ ಇದರಲ್ಲಿ ಸೇರಿಲ್ಲ.

ಪ್ರಶ್ನೆ: ನಾಲ್ಕು ತಿಂಗಳಿಂದ ಒಬ್ಬ ಟ್ರಾನ್ಸ್‌ಪೋರ್ಟಿನವರು 38,000 ಬಾಕಿ ಕೊಟ್ಟಿಲ್ಲ. ರಸೀದಿ ಬಂದಿಲ್ಲ ಎನ್ನುತ್ತಾರೆ. ಕೊರಿಯರ್ ಮಾಡಿದ್ದೇನೆ. — ಭಾಲ್ಕಿಯಿಂದ

ಉತ್ತರ: ಸಹಿ, ಸೀಲು ಬಿದ್ದ ಬಿಲ್ಟಿಯೇ (ಮಾಲಿನ ಜೊತೆ ಹೋಗುವ ಸಾಗಣೆ ರಸೀದಿ) ನಿಮ್ಮ ಚೆಕ್ಕು. ಮಾಲು ಇಳಿಸಿದ ಕೂಡಲೇ, ಗೇಟು ದಾಟುವ ಮೊದಲು ಎರಡೂ ಕಡೆ ಫೋಟೊ ತೆಗೆದು ಅಲ್ಲೇ ನಿಂತು ವಾಟ್ಸ್‌ಆ್ಯಪ್ ಮಾಡಿ, “ತಲುಪಿತು” ಎಂಬ ಉತ್ತರ ಬರಲಿ. ಮೂಲಪ್ರತಿಯನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಒದ್ದೆಯಾದ, ಹರಿದ ಚೀಲ ಎಷ್ಟೆಂದು ಇಳಿಸುವವರೇ ಬಿಲ್ಟಿಯ ಮೇಲೆ ಬರೆಯಬೇಕು. ಆಮೇಲೆ ಫೋನಿನಲ್ಲಿ ಹೇಳಿದ ಕಡಿತ ಒಪ್ಪಬೇಡಿ. ಲೋಡು ಹಾಕುವ ಮೊದಲೇ ಮುಂಗಡ ಎಷ್ಟು, ಬಾಕಿ ಎಷ್ಟು ದಿನಕ್ಕೆ, ಎಷ್ಟು ಗಂಟೆಯ ನಂತರ ಹಾಲ್ಟಿಂಗ್ (ಗಾಡಿ ಕಾಯಿಸಿದ್ದಕ್ಕೆ ಕೊಡುವ ರೊಕ್ಕ) ಶುರು ಎಂಬ ಮೂರನ್ನು ಮೆಸೇಜಿನಲ್ಲಿ ಬರೆಸಿಕೊಳ್ಳಿ.

ಈಗಿನ ಬಾಕಿಗೆ ಕೊರಿಯರ್ ರಸೀದಿ, ಬಿಲ್ಟಿ ಫೋಟೊ ಲಗತ್ತಿಸಿ ಬರಹದಲ್ಲಿ ಕೇಳಿ. ಮುಂದಿನದಕ್ಕೆ ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರದ ನೋಂದಣಿ) ಮಾಡಿಸಿ, ಒಂದು ಗಾಡಿಯ ಮಾಲೀಕರೂ ಸೂಕ್ಷ್ಮ ಉದ್ದಿಮೆಯೇ. ನೋಂದಣಿ ಉಚಿತ, ರೊಕ್ಕ ಕೇಳುವವರು ಏಜೆಂಟರು. 2006ರ ಎಂಎಸ್‌ಎಂಇ ಕಾಯ್ದೆಯಂತೆ ಒಪ್ಪಂದ ಏನೇ ಇದ್ದರೂ ಪಾವತಿ 45 ದಿನ ಮೀರುವಂತಿಲ್ಲ, ಮೀರಿದರೆ ಬಡ್ಡಿ ಸಮೇತ ಕೊಡಿಸಲು ಮಂಡಳಿಗೆ ದೂರು ಕೊಡಬಹುದು. ನೋಂದಣಿ ಆದ ಮೇಲಿನ ಬಾಡಿಗೆಗಳಿಗೆ ಇದು ಅನುಕೂಲ, ಆದ್ದರಿಂದ ಬಾಕಿ ಬೀಳುವ ತನಕ ಕಾಯಬೇಡಿ.

ಪ್ರಶ್ನೆ: ಹೋದ ಬೇಸಿಗೆಯಲ್ಲಿ ಹೈದರಾಬಾದ್ ರಸ್ತೆಯಲ್ಲಿ ಎರಡು ಸಲ ಹಿಂದಿನ ಒಳಗಿನ ಟೈರೇ ಸಿಡಿಯಿತು. ಟೈರು ಹಳೆಯದಲ್ಲ. — ಹುಮನಾಬಾದ್‌ನಿಂದ

ಉತ್ತರ: ಒಳಗಿನ ಟೈರಿಗೆ ಗೇಜ್ ಹಾಕಲು ಕೈ ಹೋಗುವುದಿಲ್ಲ, ಹಾಗಾಗಿ ಯಾರೂ ನೋಡುವುದಿಲ್ಲ. ಜೋಡಿಯಲ್ಲಿ ಒಂದರ ಗಾಳಿ ಕಡಿಮೆಯಾದರೆ ಅದರ ಪಕ್ಕದ ಗೋಡೆ ಬಾಗಿ ಬಾಗಿ ಕಾಯುತ್ತದೆ, ಭಾರ ಪಕ್ಕದ್ದರ ಮೇಲೆ ಬೀಳುತ್ತದೆ. ಕೊನೆಗೆ ಎರಡರಲ್ಲಿ ಒಂದು ಸಿಡಿಯುತ್ತದೆ. ವಾಲ್ವ್‌ಗೆ ಎಕ್ಸ್‌ಟೆನ್ಷನ್ ಹಾಕಿಸಿ. ಗಾಳಿಯನ್ನು ಬೆಳಿಗ್ಗೆ ಹೊರಡುವ ಮೊದಲು, ಟೈರು ತಣ್ಣಗಿರುವಾಗ ನೋಡಿ. ಮಧ್ಯಾಹ್ನ 42 ಡಿಗ್ರಿ ಬಿಸಿಲಿನಲ್ಲಿ ಒತ್ತಡ ಏರಿದೆ ಎಂದು ಗಾಳಿ ಬಿಡುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಬೇಕಾದದ್ದಕ್ಕಿಂತ 20 ಪರ್ಸೆಂಟ್ ಕಡಿಮೆ ಗಾಳಿಯಲ್ಲಿ ಓಡಿದ ಟೈರನ್ನು ಮತ್ತೆ ತುಂಬಿಸಿ ಓಡಿಸಬೇಡಿ, ಬಿಚ್ಚಿಸಿ ಒಳಗೆ ನೋಡಿಸಿ. ಜೋಡಿಯಲ್ಲಿ ಹೊಸದೊಂದು, ಸವೆದದ್ದೊಂದು ಹಾಕಬೇಡಿ, ಕಚ್ಚಿನ ಆಳದ ವ್ಯತ್ಯಾಸ 3 ಮಿ.ಮೀ. ಒಳಗಿರಲಿ. ರಿಸೋಲ್ (ಹೊಸ ಕಚ್ಚು ಅಂಟಿಸಿದ ಹಳೆ) ಟೈರು ಹಿಂದಕ್ಕೆ ಸರಿ, ಮುಂದಕ್ಕೆ ಬೇಡ.

ಎರಡೂ ಸಲ ಒಂದೇ ಚಕ್ರ ಸಿಡಿದಿದ್ದರೆ ತಪ್ಪು ಟೈರಿನದಲ್ಲ, ಬ್ರೇಕಿನದು. ಹತ್ತಿಪ್ಪತ್ತು ಕಿ.ಮೀ. ಓಡಿಸಿ ನಿಲ್ಲಿಸಿ, ಪ್ರತಿ ಡ್ರಮ್ಮಿನ ಹತ್ತಿರ ಕೈ ತನ್ನಿ, ಮುಟ್ಟಬೇಡಿ. ಒಂದು ಮಾತ್ರ ಧಗಧಗ ಎನ್ನುತ್ತಿದ್ದರೆ ಆ ಕಡೆ ಸ್ಲ್ಯಾಕ್ ಅಡ್ಜಸ್ಟರ್ (ಬ್ರೇಕಿನ ಸಡಿಲ ಸರಿಹೊಂದಿಸುವ ಭಾಗ) ಹಿಂದೆ ಸರಿಯುತ್ತಿಲ್ಲ, ಲೈನರ್ ಡ್ರಮ್ಮಿಗೆ ಉಜ್ಜುತ್ತಿದೆ. ಆ ಕಾವು ಮೊದಲು ತಟ್ಟುವುದು ಒಳಗಿನ ಟೈರಿಗೇ. ಅಂದಹಾಗೆ, ಮಾಮೂಲಿ ಪಾಲಿಸಿ ಅಪಘಾತದಲ್ಲಿ ಟೈರು, ಹೆಡ್‌ಲೈಟು, ಮಡ್‌ಗಾರ್ಡ್‌ಗೆ ಆದ ನಷ್ಟ ಕೊಡುವುದಿಲ್ಲ. ನವೀಕರಿಸುವಾಗ ಐಎಂಟಿ 23 (ಈ ಭಾಗಗಳಿಗೂ ರಕ್ಷಣೆ ಕೊಡುವ ಹೆಚ್ಚುವರಿ ಷರತ್ತು) ಸೇರಿಸಿ ಎಂದು ಕೇಳಿ. ತಾನಾಗೇ ಸಿಡಿದ ಟೈರಿಗೆ ಅದೂ ಸಿಗುವುದಿಲ್ಲ.

ಪ್ರಶ್ನೆ: ಒಂದೇ ಗಾಡಿ. ಜಿಎಸ್‌ಟಿ, ಇನ್‌ಕಮ್ ಟ್ಯಾಕ್ಸ್ ಬೇಕೇ? — ಯಾದಗಿರಿಯಿಂದ

ಉತ್ತರ: ನೀವೇ ಬಿಲ್ಟಿ ಹರಿದುಕೊಡದೆ ಬರೀ ಬಾಡಿಗೆ ಹೊಡೆಯುತ್ತಿದ್ದರೆ ಜಿಎಸ್‌ಟಿ ಬೇಡ. ಆದಾಯ ತೆರಿಗೆಗೆ ಆಡಿಟರುಗಳು 44ಎಇ ಎಂದು ಕರೆಯುವ ಸರಳ ಲೆಕ್ಕವಿದೆ. 12 ಟನ್ ಮೀರಿದ ಗಾಡಿಗೆ ಒಟ್ಟು ತೂಕದ ಪ್ರತಿ ಟನ್ನಿಗೆ ತಿಂಗಳಿಗೆ 1,000 ಆದಾಯ ಎಂದು ಹಿಡಿಯುತ್ತಾರೆ. 28.5 ಟನ್ನಿಗೆ ವರ್ಷಕ್ಕೆ 3,42,000. ಬೇರೆ ಆದಾಯವಿಲ್ಲದಿದ್ದರೆ ಹೊಸ ಪದ್ಧತಿಯಲ್ಲಿ ತೆರಿಗೆ ಬರುವುದಿಲ್ಲ, ಆದರೂ ರಿಟರ್ನ್ ಹಾಕಿ. ಎರಡನೇ ಗಾಡಿಯ ಸಾಲಕ್ಕೆ ಬ್ಯಾಂಕು ಮೊದಲು ಕೇಳುವುದೇ ಅದನ್ನು. ಹತ್ತಕ್ಕಿಂತ ಹೆಚ್ಚು ಗಾಡಿ ಇಲ್ಲ ಎಂಬ ಘೋಷಣೆ ಮತ್ತು ಪ್ಯಾನ್ ಕೊಟ್ಟರೆ ಟ್ರಾನ್ಸ್‌ಪೋರ್ಟಿನವರು ನಿಮ್ಮ ಬಾಡಿಗೆಯಲ್ಲಿ ಟಿಡಿಎಸ್ ಹಿಡಿಯುವಂತಿಲ್ಲ. ಹಿಡಿದಿದ್ದರೆ ರಿಟರ್ನ್‌ನಲ್ಲಿ ವಾಪಸ್ ಪಡೆಯಿರಿ.

ಪ್ರಶ್ನೆ: ಬಿಎಸ್ 6 ಗಾಡಿಗೆ ಹಾಕುವ ಡಿಇಎಫ್ ಅಂದರೆ ಯೂರಿಯಾ ನೀರು ತಾನೇ? ಮನೆಯಲ್ಲಿ ಗೊಬ್ಬರದ ಚೀಲ ಬಿದ್ದದ. — ಆಳಂದದಿಂದ

ಉತ್ತರ: ಯೂರಿಯಾ ನೀರೇ, 32.5 ಪರ್ಸೆಂಟ್. ಆದರೆ ಲವಣ ತೆಗೆದ ನೀರು, ಶುದ್ಧ ಯೂರಿಯಾ. ಗೊಬ್ಬರದ ಕಲ್ಮಶ ಮತ್ತು ಬೋರ್‌ವೆಲ್ ನೀರಿನ ಸುಣ್ಣ ಡೋಸಿಂಗ್ ನಳಿಕೆಯಲ್ಲಿ ಹರಳುಗಟ್ಟಿ, ಸೈಲೆನ್ಸರಿನೊಳಗಿನ ಎಸ್‌ಸಿಆರ್ (ಹೊಗೆಯ ವಿಷ ಕಡಿಮೆ ಮಾಡುವ ಭಾಗ) ಕೆಡಿಸುತ್ತವೆ. ಮೊದಲು ಡ್ಯಾಶ್‌ಬೋರ್ಡಿನಲ್ಲಿ ದೀಪ, ಆಮೇಲೆ ಎಂಜಿನ್ ತಾನಾಗೇ ಜೋರು ಕಡಿಮೆ ಮಾಡಿಕೊಳ್ಳುತ್ತದೆ. ಲೋಡು ಹೊತ್ತು ಘಾಟ್ ಏರುವಾಗ ಹಾಗಾದರೆ ನಡುದಾರಿಯಲ್ಲೇ ನಿಲ್ಲಬೇಕು. ಚೀಲವನ್ನು ಹೊಲಕ್ಕೆ ಹಾಕಿ.